ಸಡಿಲ ಬಿಟ್ಟ ಹೊಲಿಗೆಗಳು

ಮನೆ, ಮೂರನೇ ಮಹಡಿ
ಮೇ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಮಾಸ್ಟರ್,

ಹೇಗಿದ್ದೀರಿ? ಎದೆನೋವು ಪೂರ್ತಿ ಹೋಯಿತೇ? ರಾತ್ರಿ ನಿದ್ದೆ ಬರುತ್ತಿದೆಯೇ? ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ಇಲ್ಲಾ ಬಾಯಲ್ಲಿಟ್ಟುಕೊಂಡು ಮಗಳ ಕಣ್ಣಿಗೆ ಮಣ್ಣೆರಚುತ್ತಿದ್ದೀರೋ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀವು ‘ಹ್ಞೂಂ, ಚೆನ್ನಾಗಿದೀನಿ’ ಅಂದು ಫೋನನ್ನು ಅವಳ ಕೈಗೆ ದಾಟಿಸಿಬಿಡುತ್ತೀರಿ. ಅದಕ್ಕೇ ಕಾಗದ ಹಿಡಿದಿದ್ದೇನೆ. ಇದರಲ್ಲಿ ನಿಮ್ಮನ್ನು ಬೈದಿರುವುದೂ ಇದೆ, ಮುದ್ದು ಮಾಡಿರುವುದೂ ಇದೆ. ಮಗಳ ಕೈಯಲ್ಲಿ ಓದಿಸಬೇಡಿ, ನೀವೇ ಓದಿ.

ಮೊನ್ನೆ ಅವಳು ಫೋನಿನಲ್ಲಿ ಅತ್ತಳು. ಗೊತ್ತಾಗಬಾರದೆಂದು ಮೂಗು ಕಟ್ಟಿದೆ ಅಂದಳು, ಆದರೆ ಹೆತ್ತವಳಿಗೆ ತಿಳಿಯುವುದಿಲ್ಲವೇ? ‘ಡಾಕ್ಟ್ರು ದಿನಾ ನಡೀಲೇಬೇಕು ಅಂದಿದಾರೆ ಅಮ್ಮ, ಅಪ್ಪ ಕಿಟಕಿ ಹತ್ರದ ಕುರ್ಚಿ ಬಿಟ್ಟು ಏಳೋದೇ ಇಲ್ಲ. ಕೇಳಿದ್ರೆ, ನನ್ನ ಬಟ್ಟೆ ಹೊಲಿದು ಮುಗೀತು ಬಿಡಮ್ಮ, ಇನ್ನೇನಿದ್ರೂ ಮಡಿಚಿಡೋದು ಅಂತಾರೆ’ ಎಂದಳು. ಅಬ್ಬಾ, ಎಂಥ ಮಾತು ಕಲಿತಿದ್ದೀರಿ! ಫೋನಿಟ್ಟ ಮೇಲೆ ಕತ್ತರಿಸಲು ಹರಡಿದ್ದ ಬಟ್ಟೆಯನ್ನು ಹಾಗೇ ಸುತ್ತಿಟ್ಟು ಅಂಗಡಿಯ ಬಾಗಿಲು ಎಳೆದುಕೊಂಡು ಬಂದೆ. ಈಗ ಸ್ವಲ್ಪ ಸಮಾಧಾನವಾಗಿದೆ. ನಡೆಯಿರಿ ಎಂದು ಹೇಳಲು ಡಾಕ್ಟರಿದ್ದಾರೆ, ಮಗಳಿದ್ದಾಳೆ; ನಾನೂ ಆ ಗುಂಪಿಗೆ ಸೇರಿದರೆ ನೀವು ಇನ್ನಷ್ಟು ಗಟ್ಟಿಯಾಗಿ ಕುರ್ಚಿ ಹಿಡಿದು ಕೂರುತ್ತೀರಿ. ನಲವತ್ತು ವರ್ಷ ಒಂದೇ ಅಂಗಡಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಮಿಷನ್ ತುಳಿದವಳು ನಾನು, ನಿಮ್ಮ ಮೊಂಡುತನ ನನಗೆ ಹೊಸದಲ್ಲ. ಆದ್ದರಿಂದ ನನ್ನ ಸುದ್ದಿ ಮಾತ್ರ ಬರೆಯುತ್ತೇನೆ.

ನಿಮ್ಮನ್ನು ಮಗಳ ಮನೆಯಲ್ಲಿ ಬಿಟ್ಟು, ಶಾಲೆಯ ಸಮವಸ್ತ್ರಗಳ ಹೊಲಿಗೆ ಬಾಕಿಯಿದೆ ಎಂದು ಒಬ್ಬಳೇ ಬಂದೆನಲ್ಲ, ಆವತ್ತು ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲೇ ಕುಸಿದು ಕೂತೆ. ತಿದಿ ಒತ್ತಿದ ಹಾಗೆ ಉಸಿರು. ಅಲ್ಲೇ ಕೂತು ಯೋಚಿಸಿದೆ. ನಾಳೆ ಇವರು ವಾಪಸು ಬರುತ್ತಾರೆ, ಇದೇ ಮೆಟ್ಟಿಲ ಮೇಲೆ ಇವರೂ ಕೂರುತ್ತಾರೆ, ಆಗ ಯಾರನ್ನು ಯಾರು ಎಬ್ಬಿಸಬೇಕು? ಅಷ್ಟರಲ್ಲಿ ಎದುರಿನ ಬಾಗಿಲು ತೆರೆದು ನರ್ಸಮ್ಮ ಹೊರಗೆ ಬಂದರು. ಅವರು ಕೆಲಸದಿಂದ ನಿವೃತ್ತರಾದರೂ ಗದರುವುದರಿಂದ ಆಗಿಲ್ಲ, ನಿಮಗೆ ಗೊತ್ತೇ ಇದೆ. ನಾಡಿ ಹಿಡಿದು ನೋಡಿ, ನೀರು ಕೊಟ್ಟು, ‘ಹೃದಯ ಸರಿಯಾಗೇ ಇದೆ, ಸೋಮಾರಿತನ ಅಷ್ಟೇ. ನಾಳೆ ಬೆಳಿಗ್ಗೆ ನನ್ ಜೊತೆ ಬರ್ತೀರಿ’ ಎಂದರು. ಬರ್ತೀರಾ ಎಂದು ಕೇಳಲಿಲ್ಲ ನೋಡಿ. ಆದರೂ ಮರುದಿನ ಅವರೇ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಎಲ್ಲ ನೋಡಿಸಿ, ಆಮೇಲೇ ರಸ್ತೆಗಿಳಿಸಿದ್ದು.

ಮೊದಲ ದಿನ ನನ್ನ ಸಾಹಸ ಬೇಕರಿಯ ಮುಂದಿನ ಬೆಂಚಿನಲ್ಲೇ ಮುಗಿಯಿತು. ಸುಸ್ತಾಯಿತೆಂದು ಕೂತೆ, ಬಿಸಿ ಬನ್ನಿನ ಪರಿಮಳ ಮೂಗಿಗೆ ಬಡಿಯಿತು, ಹೋಗುವಾಗ ಕೈ ಬೀಸಿಕೊಂಡು ಹೋದವಳು ಬರುವಾಗ ಪೊಟ್ಟಣ ಹಿಡಿದು ಬಂದೆ. ನರ್ಸಮ್ಮ ಪೊಟ್ಟಣವನ್ನೇ ದಿಟ್ಟಿಸಿ ನೋಡುತ್ತಾ ನನ್ನ ಜೊತೆ ಮೂರನೇ ಮಹಡಿಯವರೆಗೆ ಹತ್ತಿದರು. ಮಾರನೇ ದಿನದಿಂದ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತೇವೆ. ಅವರದ್ದೊಂದು ಲೆಕ್ಕ ಇದೆ: ನಡೆಯುವಾಗ ಮಾತಾಡಲು ಆಗಬೇಕಂತೆ, ಹಾಡಲು ಆಗಬಾರದಂತೆ, ಹಾಡಲು ಬಂದರೆ ನಿಧಾನವಾಯಿತೆಂದು ಅರ್ಥವಂತೆ. ನನಗೆ ಕೂತಲ್ಲೂ ಹಾಡಲು ಬರುವುದಿಲ್ಲವಲ್ಲ, ನನಗೆ ಹೇಗೆ ಗೊತ್ತಾಗಬೇಕು ಎಂದೆ. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಕುರ್ಚಿಯಲ್ಲಿ ಕೂತು, ಕೈ ಊರದೆ ಏಳಬೇಕು. ಶುರುವಿನಲ್ಲಿ ಮಂಡಿ ಎರಡೂ ಸೇರಿ ನನಗೆ ಬೈದವು. ತೋಳಿಗೆ ಭಾರ ಎತ್ತಬೇಕೆಂದಾಗ ನಿಮ್ಮ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿದೆ, ತಣ್ಣಗಿದ್ದಾಗ ಎತ್ತಿದೆ, ಗಾಬರಿಯಾಗಬೇಡಿ. ನಡುವೆ ಕೆಮ್ಮು ಬಂದು ಒಂದು ವಾರ ಮಲಗಿದೆ, ಮತ್ತೆ ಎದ್ದು ಹೊರಟಾಗ ಮೊದಲಿನಿಂದ ಶುರು ಮಾಡಿದ ಹಾಗೇ ಆಯಿತು. ಅವತ್ತು ನಿಮ್ಮ ಮೇಲೆ ಸಿಟ್ಟು ಬಂತು, ಯಾಕೆಂದು ಕೇಳಬೇಡಿ. ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ. ರುಚಿಯೇನೂ ಇಲ್ಲ, ಸುಳ್ಳು ಹೇಳಲಾರೆ. ಊಟದಲ್ಲಿ ತರಕಾರಿ ಹೆಚ್ಚು, ಎಣ್ಣೆ ಕಡಿಮೆ. ಆದರೆ ಈಗ ಮೆಟ್ಟಿಲನ್ನು ಒಂದೇ ಉಸಿರಿನಲ್ಲಿ ಹತ್ತುತ್ತೇನೆ, ಹತ್ತಿದ ಮೇಲೆ ಬಾಗಿಲ ಬೀಗ ತೆಗೆಯಲೂ ಆಗುತ್ತದೆ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ, ನೆಟ್ಟಗೆ ಕೂತು ಓದಿ. ಹೋದ ವಾರ ನನ್ನ ನೀಲಿ ಬ್ಲೌಸು ಜೋಲುತ್ತಿದೆ ಅನ್ನಿಸಿತು. ಬಿಗಿ ಮಾಡೋಣವೆಂದು ಪಕ್ಕದ ಹೊಲಿಗೆ ಬಿಚ್ಚಿದರೆ, ಒಳಗೆ ಹಳೆಯ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಂಡವು. ಮೂರು ಸಾರಿ ಯಾರೋ ಬಿಚ್ಚಿ, ಪ್ರತಿಸಾರಿಯೂ ಸ್ವಲ್ಪ ಸ್ವಲ್ಪ ಸಡಿಲ ಬಿಟ್ಟು ಹೊಲಿದಿದ್ದಾರೆ. ಯಾರಪ್ಪಾ ಇದು ಎಂದು ಬೆಳಕಿಗೆ ಹಿಡಿದೆ. ಬ್ಲೌಸಿಗೆ ಪ್ಯಾಂಟಿನ ದಪ್ಪ ದಾರ ಹಾಕುವವರು, ಹೊಲಿಗೆಯ ಕೊನೆಯಲ್ಲಿ ದಾರದ ಮೇಲೆ ನಂಬಿಕೆಯೇ ಇಲ್ಲದವರಂತೆ ಮೂರು ಸಾರಿ ಮಿಷನ್ ಹಿಂದೆ ಮುಂದೆ ಓಡಿಸುವವರು ಈ ಭೂಮಿಯ ಮೇಲೆ ಒಬ್ಬರೇ ಇರುವುದು! ಉಳಿದ ಬ್ಲೌಸುಗಳನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ನಿಮ್ಮ ದಾರ. ನಾನು ಮಧ್ಯಾಹ್ನ ಒಂದು ಕೋಳಿನಿದ್ದೆ ಮಾಡುತ್ತಿದ್ದಾಗ ಅಂಗಡಿಯಲ್ಲಿ ನಡೆಯುತ್ತಿದ್ದ ಕೆಲಸ ಇದೇ ಎಂದಾಯಿತು. ಬಂದ ಹೆಂಗಸರಿಗೆಲ್ಲ ನಾನು ‘ಹೆತ್ತ ಮೇಲೂ ನನ್ನ ಅಳತೆ ಒಂದು ಇಂಚು ಹೆಚ್ಚಿಲ್ಲ ನೋಡಿ’ ಎಂದು ಕೊಚ್ಚಿಕೊಳ್ಳುತ್ತಿದ್ದಾಗ ನೀವು ತಲೆ ತಗ್ಗಿಸಿ ಗುಂಡಿ ಹುಡುಕುತ್ತಿದ್ದಿರಲ್ಲ, ಕಳ್ಳ!

ನಗಬೇಡಿ, ನಿಮ್ಮದೂ ಇದೆ. ಸಂಜೆ ನೀವು ಚಹಾ ಕುಡಿಯಲು ಮೂಲೆಯಂಗಡಿಗೆ ಹೋಗುತ್ತಿದ್ದಿರಿ, ನಾನು ನಿಮ್ಮ ಪ್ಯಾಂಟಿನ ಹಿಂಭಾಗದ ಹೊಲಿಗೆ ಬಿಚ್ಚುತ್ತಿದ್ದೆ. ಕನ್ನಡಿಯ ಮುಂದೆ ಹೊಟ್ಟೆ ತಟ್ಟಿಕೊಂಡು ‘ನೋಡೇ, ಮದುವೆಲಿ ಹೇಗಿದ್ನೋ ಹಾಗೇ ಇದೀನಿ’ ಅನ್ನುವಾಗಿನ ನಿಮ್ಮ ಮುಖ ನೋಡಲು ನನಗೆ ಎಷ್ಟು ಇಷ್ಟವಿತ್ತೆಂದರೆ, ಹೊಲಿಗೆಯ ಒಳಗೆ ಮಡಿಚಿ ಬಿಟ್ಟಿದ್ದ ಹೆಚ್ಚಿನ ಬಟ್ಟೆ ಮುಗಿದ ಮೇಲೆ ಬೇರೆ ಬಟ್ಟೆಯ ತುಂಡು ಸೇರಿಸಿ ಹೊಲಿದಿದ್ದೇನೆ. ಊರಿನವರ ಸೊಂಟದ ಸುತ್ತಳತೆಯೆಲ್ಲ ಬಾಯಿಪಾಠವಿದ್ದ ಇಬ್ಬರು ದರ್ಜಿಗಳು ತಮ್ಮ ಮನೆಯಲ್ಲಿ ಮಾತ್ರ ಟೇಪು ಹಿಡಿಯಲಿಲ್ಲ. ಅಂಗಡಿಯಲ್ಲಿ ಒಬ್ಬಳೇ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಆಮೇಲೆ ಆ ಬ್ಲೌಸನ್ನೇ ಮುಖಕ್ಕೆ ಒತ್ತಿಕೊಂಡು ಅತ್ತೆ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಇಷ್ಟು ಜಾಗರೂಕರಾಗಿದ್ದೆವು, ನಿಮ್ಮ ಹೃದಯಕ್ಕೆ ಭಾರವಾಗುತ್ತಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಈ ತಪ್ಪಿನಲ್ಲಿ ನಿಮ್ಮದಷ್ಟು, ನನ್ನದಷ್ಟು.

ಇನ್ನು ನಿಮಗೆ ಯಾವುದನ್ನೂ ಸಡಿಲ ಮಾಡಿಕೊಡುವುದಿಲ್ಲ, ಮಾಸ್ಟರ್. ನನಗೂ ನೀವು ಮಾಡಿಕೊಡಬಾರದು. ಹೊಲಿದು ಮುಗಿಯಿತು, ಮಡಿಚಿಡುವುದು ಎಂದಿರಲ್ಲ, ಗಿರಾಕಿ ಅಂಗಡಿಯಲ್ಲಿ ಕಾಯುತ್ತಾ ನಿಂತಿರುವಾಗ ಯಾವ ದರ್ಜಿ ಹಾಗೆ ಹೇಳುತ್ತಾನೆ? ನನಗೆ ನೀವು ಬೇಕು. ಬೆನ್ನ ಹಿಂದೆ ನಿಮ್ಮ ಮಿಷನ್ನಿನ ಸದ್ದಿಲ್ಲದೆ ನನ್ನ ಹೊಲಿಗೆ ನೆಟ್ಟಗೆ ಬರುತ್ತಿಲ್ಲ. ರಾತ್ರಿ ಊಟಕ್ಕೆ ಎರಡು ತಟ್ಟೆ ತೆಗೆದು ಒಂದನ್ನು ವಾಪಸು ಇಡುತ್ತಿದ್ದೇನೆ. ಈ ವಯಸ್ಸಿನಲ್ಲಿ ಹೀಗೆಲ್ಲ ಬರೆಯಲು ನಾಚಿಕೆಯಾಗಬೇಕು, ಆಗುತ್ತಿಲ್ಲ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳಿ, ಮೊಮ್ಮಗಳ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡಿ. ಗಡ್ಡ ಬೋಳಿಸಿಕೊಂಡು ಕೊಡಿ, ಪಾಪ ಅದಕ್ಕೆ ಚುಚ್ಚುತ್ತದೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ಮೊಂಡಿ

ತಾ.ಕ.: ಅಂಚೆಯವನು ಕೆಳಗೆ ಬಂದಾಯಿತು, ಬೇಗ ಬರೆಯುತ್ತೇನೆ. ಬರುವ ಭಾನುವಾರ ಬೆಳಗಿನ ರೈಲಿಗೆ ನಾನು ಅಲ್ಲಿಗೆ ಬರುತ್ತಿದ್ದೇನೆ. ಮಗಳಿಗೆ ಹೇಳಬೇಡಿ, ಹೇಳಿದರೆ ಕಾರು ತಂದು ನಿಲ್ಲಿಸುತ್ತಾಳೆ. ಸ್ಟೇಷನ್ನಿನಿಂದ ಅವಳ ಮನೆಯವರೆಗೆ ನಡೆದೇ ಬರುತ್ತೇನೆ, ನೇರ ರಸ್ತೆ, ತಪ್ಪಿಹೋಗುವ ಭಯವಿಲ್ಲ. ನೀವು ನನ್ನನ್ನು ಕರೆದುಕೊಂಡು ಹೋಗಲು ಬನ್ನಿ. ಡಾಕ್ಟರು ಹೇಳಿದಷ್ಟೇ ಬನ್ನಿ, ಹೆಚ್ಚು ಬೇಡ. ಬೀದಿಯ ತಿರುವಿನವರೆಗೆ ಆದರೆ ಅಲ್ಲಿಯವರೆಗೆ, ಗೇಟಿನವರೆಗೆ ಆದರೆ ಗೇಟಿನವರೆಗೆ. ಕುರ್ಚಿಯಿಂದೆದ್ದು ಹೊಸ್ತಿಲವರೆಗೆ ಬಂದರೂ ಸಾಕು. ಮಿಕ್ಕಿದ್ದಷ್ಟೂ ನಾನು ನಡೆಯುತ್ತೇನೆ.