ಎಪ್ಪತ್ತೆರಡು ಪೀರಿಯಡ್‌ಗಳಲ್ಲಿ ಹನ್ನೊಂದು

ಹದಿನಾಲ್ಕನೆಯ ತಾರೀಖು, ಭಾನುವಾರ
ಮಧ್ಯಾಹ್ನ ಹನ್ನೆರಡೂಕಾಲು

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದ. ಅದು ಬೇಡವೆನಿಸಿದರೆ ನಮಸ್ಕಾರ ಎಂದು ಓದಿಕೋ. ಎರಡರಲ್ಲಿ ಯಾವುದನ್ನೂ ಉಪಚಾರಕ್ಕೆ ಬರೆದಿಲ್ಲ.

ಲಕೋಟೆಯ ಮೇಲೆ ನನ್ನ ಕೈಬರಹ ಕಂಡು, ಯಾರು ಹೋದರೋ ಎಂದು ಗಾಬರಿಯಾಗಿರಬಹುದು. ಯಾರೂ ಇಲ್ಲ. ಅಮ್ಮ ಹೋದ ಮೇಲೆ ನಾವಿಬ್ಬರೇ ಅಲ್ಲವೇ ಉಳಿದವರು. ನಾನು ಆರೋಗ್ಯವಾಗಿದ್ದೇನೆ. ನೀನು ಈಗಲೂ ಆ ಕೃತಕ ಕಾಲು ಮಾಡುವ ಕಾರ್ಯಾಗಾರದಲ್ಲಿ ಪಟ್ಟಿ ಹೊಲಿಯುತ್ತಿದ್ದೀಯೆಂದೂ ಅರವತ್ತೊಂದು ತುಂಬಿದರೂ ಅವರು ನಿನ್ನನ್ನು ಬಿಡುತ್ತಿಲ್ಲವೆಂದೂ ಅವರಿವರಿಂದ ತಿಳಿಯಿತು. ಸಂತೋಷವಾಯಿತು.

ವಿಷಯವನ್ನು ಮೊದಲೇ ಹೇಳಿಬಿಡುವುದು ನನ್ನ ಪದ್ಧತಿ, ನಿನಗೇ ಗೊತ್ತು. ಹದಿನಾರು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಕ್ರಾಫ್ಟ್ ಹುದ್ದೆ ರದ್ದಾಗಿ ನೀನು ಊರು ಬಿಟ್ಟೆಯಲ್ಲ, ಆ ವಿಷಯದಲ್ಲಿ ನಾನು ನಿನಗೆ ಹೇಳದೆ ಇಟ್ಟುಕೊಂಡದ್ದೊಂದಿದೆ. ಅದನ್ನು ಹೇಳಲು ಕಳೆದ ಮೂರು ಭಾನುವಾರ ಕುಳಿತೆ. ಸಂಬೋಧನೆಯಾಚೆಗೆ ಪೆನ್ನು ಹೋಗಲಿಲ್ಲ. ಹಾಗಾಗಿ ಇವತ್ತು ಸುತ್ತುದಾರಿ ಹಿಡಿದಿದ್ದೇನೆ. ಮೊದಲು ನನ್ನ ರೋಬೋಟಿನ ಕಥೆ ಕೇಳು.

ಹೌದು, ರೋಬೋಟು. ಮೂವತ್ತೆಂಟು ವರ್ಷ ಗಣಿತ ಹೇಳಿದ ನಿನ್ನ ಅಕ್ಕ, ಮಕ್ಕಳು ಬೆನ್ನ ಹಿಂದೆ ‘ಮೂಲೆಮಟ್ಟ’ ಎಂದು ಕರೆಯುತ್ತಿದ್ದವಳು, ಅರವತ್ತಾರನೆಯ ವಯಸ್ಸಿನಲ್ಲಿ ಎರಡು ಚಕ್ರದ ರೋಬೋಟು ಕಟ್ಟುತ್ತಿದ್ದಾಳೆ. ನೆಲದ ಮೇಲೆ ಕಪ್ಪು ಪಟ್ಟಿ ಅಂಟಿಸಿದರೆ ಅದನ್ನು ನೋಡಿಕೊಂಡು ತಾನೇ ನಡೆಯಬೇಕಾದದ್ದು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ಕೆಳಗೆ ಎರಡು ಮೋಟಾರು, ಮೇಲೆ ನಾಲ್ಕು ಸೆಲ್ಲು, ಮುಂಭಾಗದಲ್ಲಿ ಕಪ್ಪು ಬಿಳುಪು ಗುರುತಿಸುವ ಎರಡು ಪುಟ್ಟ ಕಣ್ಣು. ಬುದ್ಧಿಯೆಲ್ಲ ಬೆಂಕಿಪೆಟ್ಟಿಗೆಯಷ್ಟಿರುವ ಒಂದು ಬೋರ್ಡಿನಲ್ಲಿ.

ಇದು ಶುರುವಾದದ್ದು ಬುದ್ಧಿಗೆ ಕಸರತ್ತು ಬೇಕೆಂದು. ಹೀಗೆಂದು ಎಲ್ಲರಿಗೂ ಹೇಳಿದ್ದೇನೆ. ನಿನಗೆ ಬೇರೆ ಹೇಳುತ್ತೇನೆ.

ನಾನಿರುವುದು ನಾಲ್ಕನೆಯ ಮಹಡಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಈ ಕಟ್ಟಡದ ಲಿಫ್ಟಿಗೆ ಒಂದು ಹೆಣ್ಣು ಧ್ವನಿಯಿದೆ. ‘ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಎಚ್ಚರ’ ಎನ್ನುತ್ತದೆ. ಉಚ್ಚಾರ ಶುದ್ಧವಾಗಿದೆ. ನಿವೃತ್ತಿಯಾದ ಮೇಲೆ ಕೆಲವು ದಿನ ನನ್ನೊಡನೆ ಮಾತನಾಡುತ್ತಿದ್ದದ್ದು ಅದೊಂದೇ. ಹಾಲು ತರಲು ಒಂದು ಸಲ, ಪತ್ರಿಕೆಗೆ ಒಂದು ಸಲ, ಮರೆತೆನೆಂದು ಸಕ್ಕರೆಗೆ ಮತ್ತೊಂದು ಸಲ ಇಳಿಯುತ್ತಿದ್ದೆ. ಸಕ್ಕರೆ ಮರೆತಿರುತ್ತಿರಲಿಲ್ಲ, ಪುಟ್ಟಿ.

ಒಂದು ದಿನ ಆ ಧ್ವನಿ ನಿಂತುಹೋಯಿತು. ನಾನೇ ಲಿಖಿತ ದೂರು ಕೊಟ್ಟೆ. ಲಿಫ್ಟ್ ರಿಪೇರಿಯವನು ಬಂದು ಮೇಲೆ ಕೆಳಗೆ ಎರಡು ಸಲ ಓಡಾಡಿಸಿ, ತಲೆ ಕೆರೆದುಕೊಂಡು ಕೇಳಿದ: “ಲಿಫ್ಟ್ ಚೆನ್ನಾಗೇ ಓಡ್ತಿದೆಯಲ್ಲ ಮೇಡಂ. ಮಾತು ಮಾತ್ರ ಬರ್ತಿಲ್ಲ. ಇದಕ್ಕೋಸ್ಕರ ಎರಡು ಪುಟದ ಕಂಪ್ಲೇಂಟಾ?”

ಅಷ್ಟೇ ನನ್ನ ದೂರು ಎಂದೆ. ಅವನು ನನ್ನ ಮುಖ ಸ್ವಲ್ಪ ಹೊತ್ತು ನೋಡಿದ. ಮೂವತ್ತರ ಆಸುಪಾಸಿನವನು, ಆಗಲೇ ಮುಂದಲೆ ಬೋಳಾಗುತ್ತಿದೆ. ಧ್ವನಿ ಸರಿಮಾಡಿಕೊಟ್ಟು, ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತ. “ಶನಿವಾರ ಮಧ್ಯಾಹ್ನ ಲೈಬ್ರರಿ ಮೇಲಿನ ರೂಮಿಗೆ ಬನ್ನಿ ಮೇಡಂ. ನಾವೊಂದಷ್ಟು ಜನ ರೋಬೋಟು ಮಾಡ್ಕೊಂಡು ಕೂತಿರ್ತೀವಿ. ನಿಮಗೆ ಲೆಕ್ಕ ಬರುತ್ತಲ್ಲ, ನಮಗೆ ಅದೇ ಬರಲ್ಲ.”

ನನಗೆ ಲೆಕ್ಕ ಬರುತ್ತದೆಂದು ನಿಮಗೆ ಯಾರು ಹೇಳಿದರು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಶನಿವಾರ ಎಷ್ಟು ಗಂಟೆಗೆ ಎಂದು ಕೇಳಿದೆ.

ಮೊದಲ ದಿನ ಗ್ರಾಫ್ ಹಾಳೆಯ ಮೇಲೆ ಅಚ್ಚುಕಟ್ಟಾಗಿ ನಕ್ಷೆ ಬರೆದುಕೊಂಡು ಹೋಗಿದ್ದೆ. ಚಕ್ರದ ಪರಿಧಿ, ಒಂದು ಸುತ್ತಿಗೆ ಎಷ್ಟು ದೂರ, ಎಲ್ಲವೂ ಎರಡು ದಶಮಾಂಶ ಸ್ಥಾನದವರೆಗೆ. ಆ ಕೋಣೆಯಲ್ಲಿ ಇನ್ನೊಬ್ಬರು ನಿವೃತ್ತ ಬಸ್ ಡ್ರೈವರು. ನಕ್ಷೆ ನೋಡಿ, “ಇದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಾಕ್ಬಹುದು ಮೇಡಂ, ಅಷ್ಟು ಚೆನ್ನಾಗಿದೆ. ಆದ್ರೆ ಓಡಲ್ಲ,” ಎಂದರು. ಆಮೇಲೆ ರಿಪೇರಿಯವನು ಒಂದು ತಂತಿ ಕೊಟ್ಟು, ತುದಿಯ ಪ್ಲಾಸ್ಟಿಕ್ ಬಿಡಿಸಿ ಎಂದ. ಬಿಡಿಸಿದೆ. ತಂತಿಯೇ ಎರಡು ತುಂಡಾಯಿತು. ಮತ್ತೊಂದು ಕೊಟ್ಟ, ಅದೂ ಎರಡಾಯಿತು. ನಾಲ್ಕನೆಯದೂ ತುಂಡಾದಾಗ ಡ್ರೈವರು ಕಿಟಕಿಯ ಕಡೆ ಮುಖ ತಿರುಗಿಸಿ ಕೆಮ್ಮಿದರು.

ನನ್ನ ಕೈಗೆ ಏನೂ ಬರುವುದಿಲ್ಲ, ಪುಟ್ಟಿ. ಈ ಬೆರಳು ಸೀಮೆಸುಣ್ಣ ಹಿಡಿದದ್ದು ಬಿಟ್ಟರೆ ಮತ್ತೊಂದನ್ನು ಕಲಿತಿಲ್ಲ. ಅಮ್ಮನ ಅಲಾರಂ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದಾಗ ನಿನಗಿನ್ನೂ ಒಂಬತ್ತು ವರ್ಷ. ಅದು ಮತ್ತೆ ನಡೆಯಿತೆಂಬುದನ್ನು ಹೇಳದೆ, ನೀನು ಬಿಚ್ಚಿದೆಯೆಂಬುದನ್ನು ಮಾತ್ರ ಅಮ್ಮನಿಗೆ ಹೇಳಿದವಳು ನಾನು.

ಎರಡನೆಯ ವಾರ ಸೋಲ್ಡರಿಂಗ್. ಕಾದ ಕಡ್ಡಿಯನ್ನು ಸೀಸದ ತಂತಿಗೆ ಮುಟ್ಟಿಸಿ, ಕರಗಿದ್ದನ್ನು ಬೇಕಾದ ಜಾಗಕ್ಕೆ ತೊಟ್ಟಿಕ್ಕಿಸುತ್ತಿದ್ದೆ. ಬೂದು ಬಣ್ಣದ ಉಂಡೆಯಾಗಿ ಕೂರುತ್ತಿತ್ತು. ಸ್ವಲ್ಪ ಎಳೆದರೆ ಕಿತ್ತುಬರುತ್ತಿತ್ತು. ರಿಪೇರಿಯವನು ಹಿಂದಿನಿಂದ ಬಂದು ಹೇಳಿದ: “ಸೀಸ ಕಾಯಿಸಬೇಡಿ ಮೇಡಂ, ಜಾಗ ಕಾಯಿಸಿ. ಜಾಗ ಬಿಸಿಯಾದ್ರೆ ಸೀಸ ತಾನಾಗೇ ಹರ್ಕೊಂಡು ಬರುತ್ತೆ. ಅವಸರ ಮಾಡಿದ್ರೆ ಮೇಲೆ ಮಾತ್ರ ಅಂಟ್ಕೊಂಡಿರುತ್ತೆ.”

ಚೆನ್ನಾಗಿ ಹೇಳಿಕೊಡುತ್ತೀರಿ, ಎಲ್ಲಿ ಕಲಿತಿರಿ ಎಂದೆ.

“ನಿಮ್ಮ ಸ್ಕೂಲಲ್ಲೇ ಮೇಡಂ. ಪುಟ್ಟ ಮೇಡಂ ಹತ್ರ.”

ಕಡ್ಡಿ ಕೆಳಗಿಟ್ಟೆ. ಆಗ ಅದರ ಹಿಡಿಯನ್ನು ನೋಡಿದೆ. ಮರದ ಹಿಡಿ, ಬಿರುಕು ಬಿಟ್ಟಲ್ಲಿ ನೀಲಿ ದಾರ ಒತ್ತೊತ್ತಾಗಿ ಸುತ್ತಿದೆ, ಕೊನೆಯ ಗಂಟು ಒಳಗೆ ಸೇರಿಸಿದೆ. ಹಾಗೆ ಗಂಟು ಮರೆಮಾಡುವವಳು ನೀನೊಬ್ಬಳೇ. ನೀನು ಊರು ಬಿಡುವ ದಿನ ಅವನಿಗೆ ಕೊಟ್ಟು ಹೋದೆಯಂತೆ. ಅವನಾಗ ಒಂಬತ್ತನೆಯ ತರಗತಿ, ಕೊನೆಯ ಬೆಂಚು. ನನ್ನ ವಿಷಯದಲ್ಲಿ ಮೂವತ್ತೈದು ಅಂಕ ದಾಟಿದವನಲ್ಲ. ನನಗೆ ಅವನ ಮುಖ ನೆನಪಿಗೇ ಬರಲಿಲ್ಲ. ಅವನಿಗೆ ನಾನು ಲಿಫ್ಟಿನ ಬಾಗಿಲಲ್ಲೇ ಗೊತ್ತಾಗಿದ್ದೆ.

“ಒಂದೇ ಕ್ಲಾಸು ಮೇಡಂ, ಸೋಲ್ಡರಿಂಗಿಂದು,” ಎಂದ. “ಮುಂದಿನ ವಾರ ಬೆಲ್ಲು ಮಾಡೋಣ ಅಂದಿದ್ರು. ಮುಂದಿನ ವಾರ ನೀವು ಬಂದ್ರಿ, ಬೀಜಗಣಿತ.” ಹೇಳಿ ನಕ್ಕ. ಚುಚ್ಚಬೇಕೆಂದು ಹೇಳಿದ್ದಲ್ಲ, ಅದಕ್ಕೇ ತಾಗಿತು.

ನಿನಗೂ ಗೊತ್ತು, ನನಗೂ ಗೊತ್ತು, ಆದರೆ ನಮ್ಮಿಬ್ಬರ ನಡುವೆ ಇದನ್ನು ಯಾರೂ ಆಡಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಶಾಲೆಗಳಲ್ಲಿ ಮೊದಲು ಹೋಗುವುದು ಕ್ರಾಫ್ಟ್ ಪೀರಿಯಡ್ಡು. ‘ಪುಟ್ಟಿ, ಇವತ್ತೊಂದು ಪೀರಿಯಡ್ ಕೊಡೇ, ಪೋರ್ಷನ್ ಉಳಿದಿದೆ’ ಎಂದು ನಾನು ಕೇಳುತ್ತಿದ್ದೆ. ಆಮೇಲೆ ಪರೀಕ್ಷೆ ದೂರವಿದ್ದಾಗಲೂ ಕೇಳಿದೆ. ಆಮೇಲೆ ಕೇಳುವುದನ್ನೂ ಬಿಟ್ಟೆ. ಸೀಮೆಸುಣ್ಣದ ಡಬ್ಬಿ ಹಿಡಿದು ನಾನು ಒಳಗೆ ಬಂದರೆ, ನೀನು ಕತ್ತರಿ, ಅಂಟು, ಬಣ್ಣದ ಕಾಗದ ಎಲ್ಲವನ್ನೂ ಸೆರಗಿನಲ್ಲಿ ತುಂಬಿಕೊಂಡು ಹೊರಗೆ ಹೋಗುತ್ತಿದ್ದೆ. ಮಕ್ಕಳು ‘ಅಯ್ಯೋ’ ಎನ್ನುತ್ತಿದ್ದರು. ಆ ‘ಅಯ್ಯೋ’ ಗಣಿತದ ಭಯ ಎಂದುಕೊಂಡಿದ್ದೆ.

ಮೂರನೆಯ ವಾರ ರೋಬೋಟು ಮನೆಗೆ ಬಂತು. ಗುಂಡಿ ಒತ್ತಿದರೆ ಮುಂದೆ ಹೋಗಲಿಲ್ಲ. ನಿಂತಲ್ಲೇ ಗಿರಗಿರ ಸುತ್ತಿತು. ಎಲ್ಲಿ ತಪ್ಪಿದೆನೆಂದು ತಿಳಿಯದೆ ತಲೆಕೆಟ್ಟಿತು. ಎರಡು ಮೋಟಾರಿಗೂ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಕಟ್ಟಿದ್ದೆ. ಶನಿವಾರ ತೋರಿಸಿದರೆ ಡ್ರೈವರು, “ಮೇಡಂ ಗಾಡಿ ಸರ್ಕಲ್ಲಲ್ಲೇ ಟ್ರಿಪ್ ಹೊಡೀತಿದೆ, ಊರು ಸೇರೋ ಹಾಗೆ ಕಾಣಲ್ಲ,” ಎಂದು ನಗಿಸಿದರು. ರಿಪೇರಿಯವನು ಕೈಹಾಕಲು ಬಂದ; ಬೇಡ, ನಾನೇ ಕಂಡುಹಿಡಿಯುತ್ತೇನೆ ಎಂದೆ.

ಮೂರು ವಾರ ಕಂಡುಹಿಡಿಯಲಿಲ್ಲ. ನಿಜ ಹೇಳಬೇಕೆಂದರೆ ಎರಡನೆಯ ವಾರದಿಂದ ಹುಡುಕುವುದನ್ನೇ ಬಿಟ್ಟಿದ್ದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಕುಳಿತು ಅದನ್ನು ನೆಲದ ಮೇಲೆ ಬಿಡುತ್ತಿದ್ದೆ. ಅದು ಸುತ್ತುತ್ತಿತ್ತು. ಮನೆಯಲ್ಲಿ ನನ್ನನ್ನು ಬಿಟ್ಟು ಇನ್ನೊಂದು ಅಲ್ಲಾಡುತ್ತಿದೆಯಲ್ಲ, ಅಷ್ಟೇ ಸಾಕೆನಿಸುತ್ತಿತ್ತು. ‘ಸಾಕು, ತಲೆ ತಿರುಗುತ್ತದೆ, ನಿಲ್ಲು’ ಎಂದು ಒಂದು ದಿನ ಅದಕ್ಕೆ ಗದರಿದೆ. ನನ್ನ ಧ್ವನಿ ಆ ಕೋಣೆಯಲ್ಲಿ ಎಷ್ಟು ಅಪರಿಚಿತವಾಗಿ ಕೇಳಿಸಿತೆಂದರೆ, ಬಾಗಿಲಲ್ಲಿ ಯಾರೋ ಬಂದರೆಂದು ತಿರುಗಿ ನೋಡಿದೆ.

ಕೊನೆಗೆ ಆ ರಿಪೇರಿಯವನನ್ನೇ ಕೇಳಿದೆ. ಮೂವತ್ತೆಂಟು ವರ್ಷ ಪಾಠ ಹೇಳಿದ ಮೇಲೆ, ಕೊನೆಯ ಬೆಂಚಿನವನಿಂದ ಕಲಿಯಲೆಂದು ನಾನು ಕೇಳಿದ ಮೊದಲ ಪ್ರಶ್ನೆ ಅದು. ಅವನು ತನ್ನ ಎರಡು ಮುಷ್ಟಿಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ತೋರಿಸಿದ. “ಈ ಎರಡು ಮೋಟಾರು ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ ಮೇಡಂ. ಎರಡಕ್ಕೂ ಒಂದೇ ಥರ ಕಟ್ಟಿದ್ರೆ ಒಂದು ಮುಂದೆ ಎಳೆಯುತ್ತೆ, ಒಂದು ಹಿಂದೆ. ಯಾವುದಾದ್ರೂ ಒಂದನ್ನ ಉಲ್ಟಾ ಕಟ್ಟಿ.” ಕನ್ನಡಿಯ ಪ್ರತಿಬಿಂಬದ ಪಾಠವನ್ನು ನಿದ್ದೆಯಲ್ಲೂ ಹೇಳಬಲ್ಲವಳು ನಾನು. ನಾಚಿಕೆಯಾಯಿತು. ಅಲ್ಲೇ ಬಿಚ್ಚಿ, ಜಾಗ ಕಾಯಿಸಿ, ಎಡಗಡೆಯದನ್ನು ಉಲ್ಟಾ ಕಟ್ಟಿದೆ. ಪಟ್ಟಿಯ ಮೇಲೆ ಬಿಟ್ಟರೆ ಹೊರಟಿತು, ಪುಟ್ಟಿ! ಸ್ವಲ್ಪ ತಡವರಿಸುತ್ತ, ಆಚೀಚೆ ಮೂಸುತ್ತ, ಮೇಜಿನ ಕಾಲು ಬಳಸಿ ಮತ್ತೆ ನನ್ನ ಹತ್ತಿರ ಬಂತು. ಡ್ರೈವರು ಚಪ್ಪಾಳೆ ತಟ್ಟಿದರು. ನನ್ನ ಬೆರಳಿನಿಂದ ಒಂದು ವಸ್ತು ನಡೆಯಿತು. ಇಂಥ ಸಂತೋಷವನ್ನು ನೀನು ವಾರಕ್ಕೆ ಎರಡು ಸಲ ಹಂಚಬೇಕೆಂದಿದ್ದೆ, ಅಲ್ಲವೇ?

ಆ ಸಂತೋಷದ ಮಧ್ಯೆ ಅವನು ಕೇಳಿದ: “ಪುಟ್ಟ ಮೇಡಂ ಯಾಕೆ ಬಿಟ್ಟು ಹೋದ್ರು ಮೇಡಂ? ನಾವು ಗಲಾಟೆ ಮಾಡ್ತಿದ್ವಿ, ಅದಕ್ಕೆ ಕ್ಲಾಸೇ ನಿಲ್ಸಿಬಿಟ್ರು ಅಂತ ಹುಡುಗ್ರೆಲ್ಲ ಮಾತಾಡ್ಕೊಂಡಿದ್ವಿ. ನನಗೆ ಈಗಲೂ ಬೇಜಾರು.”

ಹದಿನಾರು ವರ್ಷ ಆ ಹೊರೆ ಹೊತ್ತಿದ್ದಾನೆ, ಅದು ಅವನದ್ದಲ್ಲ. ನಿನ್ನದೂ ಅಲ್ಲ. ಹುದ್ದೆ ರದ್ದುಮಾಡಿದ ಆದೇಶದಲ್ಲಿ ‘ವಿದ್ಯಾರ್ಥಿಗಳ ನಿರಾಸಕ್ತಿಯ ಕಾರಣ’ ಎಂದಿತ್ತು. ಬಸ್ ನಿಲ್ದಾಣದಲ್ಲಿ ನೀನು ಆ ಕಾಗದವನ್ನು ನಾಲ್ಕಾಗಿ ಮಡಿಸುತ್ತ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: “ನನಗೇ ಪಾಠ ಮಾಡಕ್ಕೆ ಬರಲಿಲ್ಲವೇನೋ ಅಕ್ಕ. ಮಕ್ಕಳಿಗೆ ಬೇಡವಾದ್ರೆ ಯಾರೇನು ಮಾಡಕ್ಕಾಗುತ್ತೆ?” ನಾನು, ಕಿಟಕಿ ಪಕ್ಕದ ಸೀಟು ಹಿಡಿ ಎಂದೆ. ಶಿಕ್ಷಣ ಇಲಾಖೆಯ ಕಚೇರಿಗೆ ಕ್ರಾಫ್ಟ್ ತರಗತಿಗಳ ವಿವರ ಬರೆದು ಕಳುಹಿಸಿದ್ದು ಹೆಡ್‌ಮಾಸ್ಟರೆಂದು ನೀನು ತಿಳಿದಿದ್ದೆ. ನಾನು ತಿದ್ದಲಿಲ್ಲ. ಎಲ್ಲರ ತಪ್ಪನ್ನೂ ತಿದ್ದುವವಳು, ಅದೊಂದನ್ನು ಹಾಗೇ ಬಿಟ್ಟೆ.

ರಿಪೇರಿಯವನಿಗೆ ಉತ್ತರ ಕೊಟ್ಟಿಲ್ಲ. ಮೊದಲು ನಿನಗೆ ಸಲ್ಲಬೇಕು.

ಬರುವ ಇಪ್ಪತ್ತೇಳನೆಯ ತಾರೀಖು ಶನಿವಾರ ಮೂರು ಗಂಟೆಗೆ, ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ನಾವು ಮಾಡಿದ್ದನ್ನೆಲ್ಲ ಊರವರಿಗೆ ತೋರಿಸುತ್ತೇವೆ. ಬಾ ಎನ್ನುವ ಹಕ್ಕು ನನಗಿಲ್ಲ; ಸಮಯ ಮತ್ತು ಸ್ಥಳವನ್ನು ಮಾತ್ರ ತಿಳಿಸಿದ್ದೇನೆ. ಈ ಹಾಳೆಯ ಹಿಂಬದಿಯನ್ನು ಓದಿದ ಮೇಲೆ ಬರಬೇಕೋ ಬೇಡವೋ ಎಂದು ನೀನೇ ತೀರ್ಮಾನಿಸು. ಬಾರದಿದ್ದರೂ ತಪ್ಪು ತಿಳಿಯುವುದಿಲ್ಲ. ಕಾಯುತ್ತೇನೆ, ಅಷ್ಟೆ, ಅದಕ್ಕೆ ನಿನ್ನ ಅನುಮತಿ ಬೇಕಿಲ್ಲ.

ಇಂತು, ತಂತಿ ಬಿಡಿಸಲು ಈಗಷ್ಟೇ ಕಲಿಯುತ್ತಿರುವ

ನಿನ್ನ ಅಕ್ಕ
(ಮೂಲೆಮಟ್ಟ)

ಮರೆತದ್ದು: ಮರೆತದ್ದಲ್ಲ, ಈ ಬದಿಗೆ ಉಳಿಸಿಕೊಂಡದ್ದು. ಆ ವಿವರವನ್ನು ಬರೆದದ್ದು ಹೆಡ್‌ಮಾಸ್ಟರಲ್ಲ. ವೇಳಾಪಟ್ಟಿ ನನ್ನ ಸುಪರ್ದಿನಲ್ಲಿತ್ತು. ನಮೂನೆ ತುಂಬಿದವಳು ನಾನು, ಅವರು ಸಹಿ ಮಾತ್ರ ಹಾಕಿದರು. ‘ನಿಗದಿಯಾದ ಕ್ರಾಫ್ಟ್ ಅವಧಿಗಳು: ಎಪ್ಪತ್ತೆರಡು. ನಡೆದವು: ಹನ್ನೊಂದು.’ ಎರಡೂ ಸಂಖ್ಯೆ ಸರಿ, ಮೂರು ಸಲ ಎಣಿಸಿದ್ದೆ. ಪಕ್ಕದಲ್ಲಿ ‘ಕಾರಣ’ ಎಂಬ ಅಂಕಣವಿತ್ತು. ಅದನ್ನು ಖಾಲಿ ಬಿಟ್ಟೆ. ಸುಳ್ಳು ಬರೆದಿಲ್ಲವಲ್ಲ ಎಂದು ಅಂದು ನೆಮ್ಮದಿಯಾಗಿ ಮಲಗಿದೆ. ಆ ಖಾಲಿ ಜಾಗದಲ್ಲಿ ಕಚೇರಿಯವರು ತಮಗೆ ತೋಚಿದ್ದನ್ನು ಬರೆದರು, ನೀನು ಅದನ್ನು ನಂಬಿದೆ. ನನ್ನ ಹತ್ತಿರವಿದ್ದ ಕಾರ್ಬನ್ ಪ್ರತಿಯನ್ನು ಇವತ್ತು ತೆಗೆದು ಆ ಅಂಕಣವನ್ನು ತುಂಬಿದ್ದೇನೆ, ಇದರೊಂದಿಗೆ ಇಟ್ಟಿದ್ದೇನೆ. ‘ಕಾರಣ: ಉಳಿದ ಅರವತ್ತೊಂದು ಅವಧಿಗಳನ್ನು ಗಣಿತದ ಅಧ್ಯಾಪಕಿ ತೆಗೆದುಕೊಂಡರು. ಮಕ್ಕಳಿಗೆ ಕ್ರಾಫ್ಟ್ ಬೇಕಾಗಿತ್ತು.’