ಟೋಮೆ ಅಜ್ಜಿಯ ದನಿ

28 ಅಕ್ಟೋಬರ್ 2025, ಮಂಗಳವಾರ

ಶಿವವ್ವನ ಮಗಳ ಲಗ್ನದ ಸೀರಿಮ್ಯಾಲಿನ ಜಂಪರ ಮುಗದುವು. ತೋಳ ಬಿಚ್ಚಿ ಬಿಚ್ಚಿ ಹೊಲದೆ. ಈಗಿನ ಹುಡಿಗೇರಿಗೆ ತೋಳ ಬಿಗಿನೂ ಬೇಕು, ಕೈ ಮ್ಯಾಲೆತ್ತಾಕೂ ಬರಬೇಕು. ತುಳಸಿ ಲಗ್ನ ಆದಮ್ಯಾಲ ಒಂದ ಸಮ ಲಗ್ನಗೋಳು. ಬಟ್ಟಿ ಗುಡ್ಡದಂಗ ಬಿದ್ದಾವ.

ಮಧ್ಯಾಹ್ನ ಬೆಂಗಳೂರಿಂದ ಮಹಾಂತೇಶ ಸರ್ ಫೋನ್. "ಅಕ್ಕಾ, ಟ್ರೇಲರ್ ಬಂತ ನೋಡ್ರಿ. ನಿಮ್ಮ ದನಿಲೇನ ಚಾಲೂ ಆಗತೈತಿ."

ಮೂಡಲಗಿಯವರು. ಡಬ್ಬಿಂಗ್ ಕೆಲಸ ಮಾಡಸ್ತಾರ. ಸಣ್ಣವರಿದ್ದಾಗ ಮೂಡಲಗಿಯೊಳಗ ನಾ ಪಾರ್ಟ ಮಾಡಿದ್ದ ಕಂಪನಿ ನಾಟಕ ನೋಡಿದ್ರಂತ. ಈ ಜಪಾನಿ ಪಿಕ್ಚರ್‌ನ್ಯಾಗ ಒಂದ ಮುದಕಿ ಪಾರ್ಟ ಐತಿ — ಟೋಮೆ ಅಜ್ಜಿ. ಅದಕ್ಕ ಕನ್ನಡ ದನಿ ಬೇಕಂದಾಗ ನಾನ ನೆನಪಾದ್ನಿ ಅವರಿಗೆ. ಜೂನ್‌ನ್ಯಾಗ ಹೋಗಿ ಗಾಜಿನ ಖೋಲಿಯೊಳಗ ನಿಂತು ಮಾತಾಡಿ ಬಂದೆ. ನನ್ನ ಮಾತಷ್ಟ ಕೊಟ್ರು. ಪೂರಾ ಕಥಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಟ್ರೇಲರ್ ಹಚ್ಚಿದೆ. ಕರೇ ನೀರು. ದೂರ ಒಂದ ದೀಪ. ಆಮ್ಯಾಲ ನನ್ನ ದನಿ — "ಯಾರವ್ವಾ ಬಂದಾಕಿ? ನಿನಗ ಇನ್ನೂ ಉಸರ ಐತೇನು?" ಮೈಮ್ಯಾಲ ಮುಳ್ಳ ಎದ್ದುವು.

ಸಂಜಿಕಿ ನನ್ನ ಮಗಳು ಅನ್ನು ಅರಭಾವಿಯಿಂದ ಬಂದ್ಲು. ತೋಟಗಾರಿಕಿ ಕಾಲೇಜಿನ್ಯಾಗ ಮೂರನೇ ವರ್ಷ. ಈ ಪಿಕ್ಚರ್ ಯಾವ ಮಾಂಗಾ ಮ್ಯಾಲ ಮಾಡ್ಯಾರೋ ಅದನ್ನ ಆಕಿ ಒಂಬತ್ತನೇ ಕ್ಲಾಸಿನಿಂದ ಓದಾಕತ್ತಾಳ. ಮಾಂಗಾ ಅಂದ್ರ ಜಪಾನಿನವರ ಚಿತ್ರದ ಕಥಿಪುಸ್ತಕ. ಮೊದಲ ಸಲ ಆಕಿ ಅಂದಾಗ ನನಗ ಮಂಗ್ಯಾ ಅಂತ ಕೇಳಿಸಿತ್ತು. ನನಗ ಈ ಪಾರ್ಟ ಸಿಕ್ಕೈತಿ ಅಂದಾಗ ಅಡಗಿಮನ್ಯಾಗ ನನ್ನ ಹಿಡದು ಗಿರಿಗಿರಿ ತಿರುಗಿಸಿದ್ಲು.

ಇವತ್ತ ಫೋನ್ ಮುಂದ ಹಿಡದೆ. "ಬಸ್ಸಿನ್ಯಾಗ ನೋಡೇನವ್ವಾ." ಅಷ್ಟ ಅಂದು ಮಾರಿ ತೊಳಿಯಾಕ ಹೋದ್ಲು.

ತಲಿ ನೋಯಾಕತ್ತಿರಬೇಕು.

1 ನವೆಂಬರ್, ಶನಿವಾರ

ಬಾಜೂ ಮನಿ ವಿಜಯಲಕ್ಷ್ಮಿ ಓಡಿ ಬಂದ್ಲು, ಫೋನ್ ಹಿಡಕೊಂಡು. "ನಾಗಕ್ಕಾ, ನೀ ಫೇಮಸ್ ಆದಿ ನೋಡ." ಟೋಮೆ ಅಜ್ಜಿ ಫೋಟೋಕ್ಕ ಯಾರೋ ಇಲಕಲ್ ಸೀರಿ ಉಡಿಸ್ಯಾರ. ಮುಂದ ಒಂದ ಬುಟ್ಟಿ. ತಳಗ ಬರದಾರ — "ಸಮುದ್ರದ ತಳದಾಗ ಗೋಕಾಕ ಕರದಂಟು ಸಿಗತೈತಿ ಬರ್ರಿ."

ನಕ್ಕೆ. ಖರೇನ ನಗು ಬಂತು. ಚಂದ ಮಾಡಿದ್ರು. ಆಕಿ ಹೋದಮ್ಯಾಲ ನನ್ನ ಫೋನಿನ್ಯಾಗ ಟ್ರೇಲರ್ ತಳಗ ಮಂದಿ ಬರದದ್ದ ಓದಿದೆ. ಓದಬಾರದಿತ್ತು.

"ಇದಕ್ಕ ದನಿ ಕೊಟ್ಟಾಕಿನ್ನ ಸಂತಿಯಿಂದ ಹಿಡಕೊಂಡ ಬಂದಾರೇನು." "ಇಷ್ಟ ಕೋಟಿ ಸುರದು ಡಬ್ಬಿಂಗಿಗೆ ಮಂದಿ ಸಿಗಲಿಲ್ಲೇನು." "ನನ್ನ ಬಾಲ್ಯ ಹಾಳ ಮಾಡಿದ್ರು." ಇನ್ನೊಬ್ಬಾಂವ — "ಕನ್ನಡಾನ ಬ್ಯಾಡ, ಜಪಾನಿಯೊಳಗ ನೋಡ್ರಿ."

ಅನ್ನು ಬಸ್ಸಿನ್ಯಾಗ ನೋಡಿದ್ದು ಇದನ್ನ ಇರಬೇಕು. ತಲಿನೋವ ಅಲ್ಲ ಹಂಗಾರ.

ಇವರಿಗೆ, ಅನ್ನುನ ಅಪ್ಪಗ, ಹೇಳಲಿಲ್ಲ. ಹೇಳಬೇಕಂದ್ರ ಒದರಬೇಕು, ಓಣಿಗೆಲ್ಲಾ ಕೇಳತೈತಿ. ವರ್ಷಗಟ್ಟಲೆ ಹಿಟ್ಟಿನ ಗಿರಣಿ ಬಾಜೂ ನಿಂತು ಕಿವಿ ಮಂದ ಆಗ್ಯಾವ. ದಿನದ ಸಣ್ಣಪುಟ್ಟ ಮಾತಾದ್ರ ನನ್ನ ತುಟಿ ನೋಡಿ ತಿಳಕೋತಾರ. ಕಿವಿಗೆ ಮಿಷಿನ್ ತುಗೋರಿ ಅಂದ್ರ, "ನಿನ್ನ ಮಾತ ತಿಳೀತಾವಲ್ಲ, ಸಾಕು" ಅಂತಾರ.

7 ನವೆಂಬರ್, ಶುಕ್ರವಾರ

ಪಿಕ್ಚರ್ ಇವತ್ತ ಬಂತು.

ಅನ್ನು ಮುಂಜಾನೇನ ಗೆಳತೇರ ಜೋಡಿ ಬೆಳಗಾವಿಗೆ ಹೋದ್ಲು. ಅಲ್ಲಿ ಜಪಾನಿ ಮಾತಿಂದು, ತಳಗ ಇಂಗ್ಲಿಷ್ ಅಕ್ಷರ. ಬಾಗಲದಾಗ ಚಪ್ಪಲಿ ಹಾಕ್ಕೋತ, "ಕನ್ನಡದ್ದು ಆಮ್ಯಾಲ ಕೂಡೇ ನೋಡೂಣವ್ವಾ" ಅಂದ್ಲು. ನನ್ನ ಮಾರಿ ನೋಡಲಿಲ್ಲ. "ಆತು. ನೀರಿನ ಬಾಟಲಿ ತುಗೊಂಡಿಯೇನು?" ನಾನೂ ಆಕಿ ಮಾರಿ ನೋಡಲಿಲ್ಲ.

ಹನ್ನೊಂದಕ್ಕ ಇವರು ಗಿರಣಿಗೆ ಕೀಲಿ ಹಾಕಿ ಬಂದ್ರು. ಮಂದಿ ಜ್ವಾಳದ ಚೀಲ ಇಟಕೊಂಡು ಕುಂತಿದ್ರಂತ, ಸಂಜಿಕಿ ಬರ್ರಿ ಅಂದು ಕಳಿಸ್ಯಾರ. ಇಸ್ತ್ರಿ ಅಂಗಿ ಹಾಕ್ಕೊಂಡ್ರು. "ನಡಿ, ಗೋಕಾಕಿಗೆ."

ಟಾಕೀಸಿನ್ಯಾಗ ಹದಿನೈದಿಪ್ಪತ್ತ ಮಂದಿ ಇರಬೇಕು. ಕಥಿ ಇವತ್ತ ತಿಳೀತು. ಮಿಯೊ ಅಂತ ಹುಡುಗಿ. ಮೀನ ಹಿಡಿಯೂ ಅಪ್ಪ ಸಮುದ್ರದಾಗ ಹೋಗಿಬಿಟ್ಟಾನ. ಆಂವನ್ನ ಹುಡಕೋತ ನೀರಿನ ತಳಗಿನ ಊರಿಗೆ ಇಳೀತಾಳ. ಅಲ್ಲಿ ಮುಳಗಿದವರ ಹೆಸರಿಲೇ ದಿನಾ ದೀಪ ಹಚ್ಚಾಕಿ ಟೋಮೆ ಅಜ್ಜಿ.

ನೀರು, ಮೀನು, ಬೆಳಕು — ಕಣ್ಣ ತುಂಬ ಐತಿ. ಆದ್ರ ಭಾಳ ಗದ್ಲ. ಎಲ್ಲಾರೂ ಮಾತಾಡತಾರ, ನನ್ನ ಮುದಕಿ ಎಲ್ಲಾರಕಿಂತ ಜಾಸ್ತಿ. ನನ್ನ ದನಿಗೆ ನಾನ ನಾಚಿ ಸೆರಗ ಬಾಯಿಗೆ ಹಿಡಕೊಂಡೆ.

ಬಾಜೂ ನೋಡಿದ್ರ ಇವರು ಕಣ್ಣ ಮುಚ್ಚಿದ್ರು. ಮಲಗ್ಯಾರಂತ ತೋಳ ಅಳಗಾಡಿಸಿದೆ.

"ಕೇಳಾಕತ್ತೇನಿ, ತಡಿ" ಅಂದ್ರು. ಕಣ್ಣ ತೆಗೀಲಿಲ್ಲ.

ಆಮ್ಯಾಲ ಬಸ್‌ಸ್ಟ್ಯಾಂಡಿನ್ಯಾಗ ಚಾ ಕುಡದ್ವಿ. ಚಾದ ಬಸಿ ಒಳಗ ನೋಡ್ಕೋತ ಅಂದ್ರು — "ಅಲ್ಲಿ ಆ ದೊಡ್ಡ ಸ್ಪೀಕರ್ ಡಬ್ಬಿಗೋಳು ಅದಾವಲ್ಲ, ಎಲ್ಲಾ ಕೇಳಿಸ್ತು ನೋಡ. ನಿನ್ನ ದನಿಯೊಳಗ ಸಣ್ಣದೊಂದ ಒಡಕ ಐತಿ. ಲಗ್ನಾದಾಗ ಇತ್ತು. ನಾ ಮರತಬಿಟ್ಟಿದ್ದೆ."

ಮತ್ತೇನ ಬೇಕು… ಕರದಂಟು ಮಾರಾಕಿ ಅನ್ನಲಿ ಬಿಡು.

8 ನವೆಂಬರ್, ಶನಿವಾರ

ಅನ್ನು ನಿನ್ನೆ ಬಂದಾಕಿನ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ಲು. ಊಟಿಲ್ಲ.

ಇವತ್ತ ಪೇಪರ್‌ನ್ಯಾಗ ವಿಮರ್ಶೆ. "ಕೋಟಿಗಳ ಬೆಳಕಿದೆ, ಜೀವವಿಲ್ಲ" ಅಂತ ಮ್ಯಾಲ ದಪ್ಪ ಅಕ್ಷರ. ಕಡೀ ಸಾಲು — "ಕನ್ನಡದಲ್ಲಿ ಅಜ್ಜಿಯ ದನಿ ತೀರಾ ನಾಟಕೀಯ." ನಾಟಕದಾಕಿಗೆ ನಾಟಕೀಯ ಅಂದ್ರ ಬೈದಂಗೋ, ಹೊಗಳಿದಂಗೋ. ಅಡಗಿಮನ್ಯಾಗ ನಿಂತು ದೊಡ್ಡ ದನಿಲೇ ಓದಿ ನಗಾಡಿದೆ. ಅನ್ನು ಎದ್ದು ಬಂದು ಪೇಪರ್ ಕಸಗೊಂಡ್ಲು.

"ನಗಬ್ಯಾಡವ್ವಾ."

"ಯಾಕ? ಚಂದ ಬರದಾರ."

"ಆಕಿ ಮಾತಾಡಬಾರದಾಗಿತ್ತು." ಅಳಾಕತ್ತಿದ್ಲು. "ಟೋಮೆ ಅಜ್ಜಿ ಮಾತಾಡೂದಿಲ್ಲ. ಪುಸ್ತಕದಾಗ ಆಕಿ ಸುಮ್ಮನ ಇರತಾಳ. ಪಿಕ್ಚರ್‌ನ್ಯಾಗ ಬಾಯಿಗೆ ಬಂದದ್ದೆಲ್ಲಾ ಆಕಿ ಕಡಿಂದ ಆಡಿಸ್ಯಾರ. ಜಪಾನಿಯೊಳಗೂ ಹಂಗ. ಎಲ್ಲಾ ಹೇಳಿಬಿಟ್ರ ಆಕಿ ಟೋಮೆ ಅಜ್ಜಿ ಹೆಂಗ ಆಕ್ಕಾಳ?"

ಒಂದ ಗಳಿಗಿ ನನಗ ಬೈದ್ಲು ಅನಿಸಿತು. ಆಮ್ಯಾಲ ಮಾರಿ ನೋಡಿದೆ. ಹೈಸ್ಕೂಲ ಹುಡುಗಿ ಇದ್ದಾಗಿನ ಮಾರಿ. ಏನೋ ಕಳಕೊಂಡಾಕಿ ಅಳೂ ಅಳು ಅದು.

"ನನಗ ಪುಸ್ತಕ ತೋರಸ್ತಿಯೇನು?" ಅಂದೆ.

9 ನವೆಂಬರ್, ಐತವಾರ

ಹೊಲಿಗಿ ಮಿಷಿನಿಗೆ ಬಟ್ಟಿ ಮುಚ್ಚಿದೆ. ಲಗ್ನದವರು ಒಂದ ದಿನ ಕಾಯಲಿ.

ಜಪಾನಿ ಪುಸ್ತಕ ಬಲಗಡಿಂದ ಎಡಕ್ಕ ಓದಬೇಕು. ಗೊತ್ತಿಲ್ಲದ ಮೊದಲ ನಾಕ ಪುಟ ಹಿಂದಮುಂದ ನೋಡಿದೆ — ಸತ್ತಾಂವ ಎದ್ದ ಕುಂತಿದ್ದ. ಅನ್ನು ಉಸರ ಹತ್ತೂವಂಗ ನಕ್ಕಳು. ಎಷ್ಟ ದಿನ ಆಗಿತ್ತು ಆ ನಗು ಕೇಳಿ.

ಒಳಗಿನ ಮಾತ ಇಂಗ್ಲಿಷಿನ್ಯಾಗ ಇದ್ದುವು. ಆಕಿ ಬೆರಳಿಟ್ಟು ಕನ್ನಡದಾಗ ಹೇಳ್ಕೋತ ಹೋದ್ಲು. ನಾ ಆಕಿಗೆ ಅಕ್ಷರ ಕಲಿಸಿದಂಗನ. ಮಧ್ಯಾಹ್ನ ಮೊಸರಬುತ್ತಿ ಕಲಸಿ ಇಬ್ಬರೂ ಒಂದ ತಾಟಿನ್ಯಾಗ ಉಂಡ್ವಿ. ಇವರು ಬಾಗಲದಾಗ ನಿಂತು ನೋಡಿ ನೋಡಿ ಹೋದ್ರು.

ಮುದಕಿ ಖರೇನ ಮಾತಾಡೂದಿಲ್ಲ. ಒಂದ ಪುಸ್ತಕಕ್ಕ ಒಂದೋ ಎರಡೋ ಮಾತು. ಕಡೀಕ ಮಿಯೊ ಮ್ಯಾಲ ಹೊಂಟ ನಿಂತಾಗ — ಅಪ್ಪ ಸಿಗಲಿಲ್ಲ, ಸಿಗೂದಿಲ್ಲ — ಮುದಕಿ ದೀಪ ಎತ್ತಿ ಹಿಡೀತಾಳ. ಎರಡೂ ಪುಟದ ತುಂಬ ಅಷ್ಟ. ಕತ್ತಲಿ, ಒಂದ ಕೈ, ದೀಪ.

ಪಿಕ್ಚರ್‌ನ್ಯಾಗ ಅಲ್ಲಿ ನಾ ಒಂದ ಭಾಷಣಾನ ಮಾಡೇನಿ. ದುಃಖ ಅಂದ್ರೇನು, ಜೀವನ ಅಂದ್ರೇನು.

"ಇದು ಗೊತ್ತಿದ್ರ ಸಣ್ಣ ದನಿಲೇ ಹೇಳ್ತಿದ್ದೆ" ಅಂದೆ.

ಅನ್ನು ತಲಿ ನನ್ನ ತೊಡಿಮ್ಯಾಲ ಇಟ್ಟಳು. "ಬರದವರ ತಪ್ಪವ್ವಾ. ನಿಂದೇನೈತಿ."

ಗೆಳತೇರಿಗೆ ಹೇಳಿಲ್ಲೇನು, ಅದು ನಮ್ಮವ್ವನ ದನಿ ಅಂತ? ಬಾಯಿಮಟ ಬಂದಿತ್ತು. ಕೇಳಲಿಲ್ಲ.

16 ನವೆಂಬರ್, ಐತವಾರ

ಬರಿಯಾಕ ಪುರಸೊತ್ತಿಲ್ಲ. ಲಗ್ನ, ಲಗ್ನ. ಪಿಕ್ಚರ್ ಗೋಕಾಕಿನಿಂದ ಎದ್ದು ಹೋತು. ಮಹಾಂತೇಶ ಸರ್ ಫೋನ್ ಮಾಡಿದ್ರು, ದನಿ ಸಪ್ಪಗಿತ್ತು. "ನಿಮಗ ಬೈಗಳ ತಿನಿಸಿದ್ನಿ ಅಕ್ಕಾ." ನಾಟಕದಾಗ ಟೊಮೆಟೊ ಒಗಸ್ಕೊಂಡಾಕಿ ನಾನು, ಇದೇನ ಮಹಾ ಅಂದೆ. ನಕ್ಕರು.

ಇವತ್ತ ಅನ್ನು ಗೆಳತಿ ನೇತ್ರಾ ಬಂದಿದ್ಲು, ಅಕ್ಕನ ಲಗ್ನಕ್ಕ ಜಂಪರ ಹೊಲಿಸಾಕ. ಕಾಲೇಜಿನ್ಯಾಗ ಇಬ್ಬರೂ ಒಂದ ಬೆಂಚು. ಮನಿಗೆ ಬಂದದ್ದು ಇದ ಮೊದಲ ಸಲ. "ಯಾರವ್ವಾ ಬಂದಾಕಿ? ಬಾ, ಕುಂದ್ರು" ಅಂದೆ, ಟೇಪ ಹುಡಕೋತ.

ಹುಡುಗಿ ನಿಂತಲ್ಲೇ ನಿಂತಳು. ನನ್ನ ನೋಡಿದ್ಲು, ಅನ್ನುನ್ನ ನೋಡಿದ್ಲು. 

ಅನ್ನು ಅಂದ್ಲು, "ಹೌದು. ಟೋಮೆ ಅಜ್ಜಿ ದನಿ ನಮ್ಮವ್ವಂದನ."

ನೇತ್ರಾ ದಪ್ಪಂತ ಕುಂತ್ಲು. "ಅದಕ್ಕನ… ಆಂಟಿ, ಆ ಕರದಂಟಿನ ಫೋಟೋ ಬಂದ ದಿನ ಕ್ಯಾಂಟೀನಿನ್ಯಾಗ ನಾವೆಲ್ಲಾ ನಗಾಕತ್ತಿದ್ವಿರಿ. ಇಕಿ ಚಾ ಅಲ್ಲೇ ಬಿಟ್ಟು ಎದ್ದು ಹೋದ್ಲು. ಮರದಿನದಿಂದ ಆ ಫೋಟೋ ತಳಗ ಯಾರೋ ಒಬ್ಬರು ಸುಳ್ಳ ಹೆಸರಿಲೇ ಒಬ್ಬೊಬ್ಬರಿಗೂ ಉತ್ತರ ಬರಿಯಾಕತ್ತಿದ್ರು — ಪಿಕ್ಚರಿಗೆ ಬೈರಿ, ದನಿಗೆ ಬೈಬ್ಯಾಡ್ರಿ ಅಂತ. ಭಾಳ ಜಗಳಾ. ನನ್ನ ಜೋಡಿನೂ." ಅನ್ನು ಕಡಿ ತಿರಗಿ, "ನೀನೇನ ಅದು?"

ಅನ್ನು ನೆಲ ನೋಡಾಕತ್ತಿದ್ಲು.

ನೇತ್ರಾ ನನಗ, "ಸಾರಿರಿ ಆಂಟಿ." ನಾ ಅಂದೆ, "ಕೈ ಮ್ಯಾಲೆತ್ತವಾ, ಅಳತಿ ತುಗೋತೇನಿ."

ಆಕಿ ಹೋದಮ್ಯಾಲ ಅನ್ನು ಬಂದು ಮಿಷಿನ್ ಬಾಜೂ ಕುಂತಳು. "ನಾಚಿಕಿನೂ ಆಗಿತ್ತವ್ವಾ. ಸುಳ್ಳ ಹೇಳಂಗಿಲ್ಲ. ಜಗಳಾನೂ ಆಡತಿದ್ದೆ, ನಾಚಿಕಿನೂ ಆಗತಿತ್ತು."

"ಇರಲಿ" ಅಂದೆ. "ನನಗೂ ಆಗಿತ್ತು."

ಸೂಜಿಗೆ ದಾರ ಪೋಣಿಸಿ ಕೊಟ್ಟಳು. ನನಗ ಈಗ ದಾರ ಕಾಣೂದಿಲ್ಲ.

20 ನವೆಂಬರ್, ಗುರುವಾರ

ಹುಕ್ಕೇರಿಯೊಳಗ ಕನ್ನಡದ್ದು ಇವತ್ತ ಕಡೀ ದಿನ. ಅನ್ನು ತಾನ ಹುಡಕಿ ಹೇಳಿದ್ಲು. "ಫಕೀರವ್ವಜ್ಜಿನ್ನೂ ಕರಕೊಂಡ ಹೋಗೂಣು." ಕಾಲೇಜು ತಪ್ಪಿಸಿದ್ಲು. ಇವರು ಮತ್ತ ಕೀಲಿ ಹಾಕಿದ್ರು.

ಘೋಡಗೇರಿಗೆ ಹೋದಾಗ ನಮ್ಮವ್ವ ಫಕೀರವ್ವ ಕುರಿಮರಿಗೋಳಿಗೆ ಸೊಪ್ಪ ಹಾಕಾಕತ್ತಿದ್ಲು. ಪಿಕ್ಚರ್ ಅಂದ್ರ, "ನನಗ್ಯಾಕ, ಕುರಿ ಯಾರ ನೋಡತಾರ" ಅಂದ್ಲು. ಅನ್ನು ಕೈ ಹಿಡದ ಎಬ್ಬಿಸಿದ್ಲು. ಹೊಸ ಸೀರಿ ಉಟಗೊಂಡ ಬಂದ್ಲು.

ಟಾಕೀಸಿನ್ಯಾಗ ಅನ್ನು ನಡುವ ಕುಂತಳು. ಈ ಕಡಿ ನಾನು, ಇವರು; ಆ ಕಡಿ ಅವ್ವ. ಅವ್ವಗ ಕಿವಿಯಾಗ ಕಥಿ ಹೇಳಿಕೋತ ಇದ್ಲು. ಟೋಮೆ ಅಜ್ಜಿ ಬಂದ್ಲು, ಮಾತ ಚಾಲೂ ಆತು. ಅನ್ನು ಸುಮ್ಮನಾದ್ಲು. ಆಕಿ ನನ್ನ ದನಿ ಪೂರಾ ಕೇಳಿದ್ದು ಇವತ್ತ ಮೊದಲ.

ಅವ್ವ ಮುಂದ ಬಾಗಿದ್ಲು. ಬಾಯಿ ತೆರದಿತ್ತು.

"ನಾಗೀ." ಹಂಗ ಕರಿಯಾಕಿ ಆಕಿ ಒಬ್ಬಾಕಿನ.

"ಹ್ಞೂಂ."

"ಯಾರದು ಮಾತಾಡಾಕಿ? ನಮ್ಮವ್ವ ಇದ್ದಂಗ ಐತೆಲ್ಲ."

ಗಾಜಿನ ಖೋಲಿಯೊಳಗ ಮಹಾಂತೇಶ ಸರ್ ಮುದಕಿ ದನಿ ಬೇಕಂದಾಗ ನಾ ನಮ್ಮವ್ವನ ದನಿ ತುಗೊಂಡಿದ್ದೆ, ಸಂಜಿಕಿ ಕುರಿ ಕರಿಯೂ ದನಿ. ಅವ್ವಗ ತನ್ನ ದನಿ ಗೊತ್ತಾಗಲಿಲ್ಲ. ಆಕಿಗೆ ತನ್ನ ಹಡದವ್ವ ಕೇಳಿಸಿದ್ಲು. ನಾ ಆ ಅಜ್ಜಿನ್ನ ನೋಡೇ ಇಲ್ಲ.

ಅನ್ನು ನನ್ನ ಕೈ ಹುಡಕಿ ಹಿಡಕೊಂಡ್ಲು. ಬಿಡಲಿಲ್ಲ. ದೀಪದ ಸೀನ್ ಬಂತು, ನನ್ನ ಭಾಷಣ ಚಾಲೂ ಆತು. ಅವ್ವ ಪರದೆ ನೋಡಿಕೋತ ನಡುನಡುವ "ಹ್ಞೂಂ, ಹ್ಞೂಂ" ಅನ್ನಾಕತ್ತಿದ್ಲು, ಮನಿಯವರ ಜೋಡಿ ಮಾತಾಡಿದಂಗ.

ಹೊರಗ ಬಂದಮ್ಯಾಲ ಅನ್ನು ಅಂದ್ಲು, "ಪಿಕ್ಚರ್ ಕೆಟ್ಟದ ಐತಿ ನೋಡವ್ವಾ, ಈಗೂ." ಕಣ್ಣ ಒರಸಿಕೊಂಡ್ಲು. "ಆದ್ರ ಇನ್ನೊಂದ ಸಲ ನೋಡಿದ್ರೂ ನೋಡತೇನಿ."

21 ನವೆಂಬರ್, ಶುಕ್ರವಾರ

ಮುಂಜಾನೆ ರೊಟ್ಟಿ ಬಡಿಯಾಕತ್ತಿದ್ದೆ. ಅನ್ನು ಹೊಸ್ತಿಲದಾಗ ಕುಂತು ಕೇಳಿದ್ಲು, "ಅವ್ವಾ, ನಾಟಕದಾಗ ನೀ ಏನೇನ ಪಾರ್ಟ ಮಾಡಿದ್ದಿ?"

ಇಷ್ಟ ವರ್ಷದಾಗ ಕೇಳಿದ್ದಿಲ್ಲ. ನಾನೂ ಹೇಳಿದ್ದಿಲ್ಲ. "ಕಾಲೇಜಿಗೆ ಹೊತ್ತಾಕ್ಕೈತಿ, ಹೋಗಿ ಬಾ, ಸಂಜಿಕಿ ಹೇಳತೇನಿ" ಅಂದು ಕಳಿಸಿದೆ. ದಿನಾ ಪೂರಾ ಅದ ತಲ್ಯಾಗ. ಎಲ್ಲಿಂದ ಚಾಲೂ ಮಾಡ್ಲಿ. ಬರದು ನೋಡಿಕೊಂಡ್ರ ಹೇಳಾಕ ಹಗೂರ ಆಕ್ಕೈತಿ ಅಂತ ಈಗ ಕುಂತೇನಿ.

ಮೊದಲನೇ ಪಾರ್ಟ ಮೂಡಲಗಿಯೊಳಗ. ನನಗ ಹದಿನೇಳೋ ಹದಿನೆಂಟೋ. ರಾಣಿ ಪಾರ್ಟಿನಾಕಿಗೆ ಜ್ವರಾ ಬಂದಿತ್ತು. ಕಂಪನಿ ಮಾಲಕರು ನನ್ನ ಮಾರಿಗೆ ಬಣ್ಣ ಬಳದು ಪರದೆ ಹಿಂದ ನಿಲ್ಲಿಸಿದ್ರು. ಹೊರಗ ಮಂದಿ ಸೀಟಿ ಹೊಡಿಯಾಕತ್ತಿದ್ರು. ಪರದೆ ಎದ್ದಾಗ ನಾ…

ಬಸ್ಸ ಬಂತು. ಅನ್ನು ಬಾಗಲದಾಗಿಂದನ ಕೇಳಾಕತ್ತಾಳ, "ಅವ್ವಾ, ಹೇಳು—"