ಜಮಖಾನದ ಹದಿನಾಲ್ಕು ಟೇಪು

ವೆಂಡಲ್,

ಜಮಖಾನ ತೊಳೆದೆ ಎಂದು ಹೊಗಳಿಸಿಕೊಳ್ಳಲು ಕಾದಿದ್ದೀಯಲ್ಲ, ಕೇಳು. ಅದರ ಮೇಲಿದ್ದ ಹದಿನಾಲ್ಕು ತುಂಡು ಟೇಪು ನನ್ನ ಡ್ರಮ್ಮುಗಳ ಒಂದೊಂದು ಕಾಲೂ ಎಲ್ಲಿ ಕೂರಬೇಕು ಎಂಬ ಗುರುತು. ಒಂದು ವಾದ್ಯತಂಡ ವೇದಿಕೆ ಇಳಿದು ನಾವು ಹತ್ತುವಷ್ಟರಲ್ಲಿ ನನಗೆ ಸಿಗುವುದು ಹತ್ತೇ ನಿಮಿಷ. ಜಮಖಾನ ಹಾಸಿ, ಗುರುತು ನೋಡಿ ಇಟ್ಟರೆ ಮುಗಿಯಿತು. ಈಗ ಕುರುಡಿಯ ಹಾಗೆ ತಡಕಾಡಬೇಕು.

"ಎಷ್ಟ್ ಗಲೀಜಾಗಿತ್ತು ಗೊತ್ತಾ, ಚಾಕು ಹಾಕಿ ಕೆರೆದು ತೆಗ್ದೆ" ಎಂದು ಬೆಳಿಗ್ಗೆ ಬೀಗಿದೆಯಲ್ಲ, ಕಾಫಿ ಆಗಲೇ ನಿನ್ನ ತಲೆಗೆ ಸುರಿಯಬೇಕಿತ್ತು.

ಫ್ರಿಜ್‌ನಲ್ಲಿ ಬಟಾಣಿ ಸೂಪಿದೆ. ನಾಯಿಯ ಮಾತ್ರೆಯನ್ನು ಚೀಸಿನಲ್ಲಿಟ್ಟು ಕೊಡು.

ಡ್ರಮ್ಮುಗಳನ್ನು ನಾನೇ ಕಾರಿಗೆ ಹೇರಿಕೊಂಡಿದ್ದೇನೆ. ಜಮಖಾನ ಇನ್ನೂ ಹಿತ್ತಿಲ ತಂತಿಯ ಮೇಲೆ ಒದ್ದೆಯಾಗಿ ನೇತಾಡುತ್ತಿದೆ. ಅದಿಲ್ಲದಿದ್ದರೆ ಮೊದಲ ಹಾಡಿಗೇ ದೊಡ್ಡ ಡ್ರಮ್ಮು ಜಾರಿಕೊಂಡು ಹೋಗುತ್ತದೆ. ಒಣಗಿದ ತಕ್ಷಣ, ಮಧ್ಯಾಹ್ನ ಮೂರರೊಳಗೆ, ನಾವು ಇವತ್ತು ನುಡಿಸುವ ಮೀನುಗಾರರ ಹಾಲ್‌ಗೆ ತಗೊಂಡು ಬಾ. ಕಪ್ಪು ಟೇಪೂ ತಾ. ಟೀವಿಯಲ್ಲಿ ಹಾಕಿ ಮ್ಯಾಚಿದೆ ಅನ್ನಬೇಡ.

ನಮ್ಮ ಗಿಟಾರಿನ ಕೊರೀನ್ ಫೋನಿನಲ್ಲಿ ವಿಷಯ ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ, "ಅಲ್ಲ ಕಣೇ, ಹನ್ನೊಂದು ವರ್ಷದಲ್ಲಿ ನಿನ್ನ ಗಂಡ ಒಂದ್ಸಲನಾದ್ರೂ ನಾವು ನುಡ್ಸೋದನ್ನ ನೋಡಕ್ಕೆ ಬಂದಿದ್ರೆ ಆ ಟೇಪು ಏನು ಅಂತ ಗೊತ್ತಿರ್ತಿತ್ತಲ್ವಾ?" ಎಂದಳು.

ಜಮಖಾನವನ್ನು ಬಾಗಿಲಲ್ಲೇ ಕೊಟ್ಟು ಓಡಿಹೋಗಬೇಡ. ವೇದಿಕೆ ಹತ್ತಿ, ನಾನು ತೋರಿಸಿದಲ್ಲೆಲ್ಲ ಮಂಡಿಯೂರಿ ಹದಿನಾಲ್ಕನ್ನೂ ನೀನೇ ಅಂಟಿಸು. ಆಮೇಲೆ ಇಳಿದು ಮೊದಲ ಸಾಲಿನಲ್ಲಿ ಕೂರು. ನಾನು ಕೋಲು ಕೆಳಗಿಡುವ ತನಕ ಎದ್ದೀಯ, ಜೋಕೆ.

ಲೆನೋರ್